ಪುಟ್ಟ ದ್ವೀಪಗಳಲ್ಲಿ ಮಾನವ ಹಕ್ಕು

ಮಾನವ ಹಕ್ಕು ಎಂಬ ಮಾತು ಕೇಳಿದ ಕೂಡಲೇ ನಿಮ್ಮ ಮನಸ್ಸಿಗೆ ಏನು ಬರುತ್ತದೆ? ಬಹುಶಃ ಒಂದು ದೊಡ್ಡ ದೇಶ, ಅದರ ಸೆರೆಮನೆಗಳು, ಪೊಲೀಸ್ ಠಾಣೆಗಳು, ತುಂಬಿದ ನ್ಯಾಯಾಲಯಗಳು, ಬೀದಿಗಿಳಿದ ಜನಸ್ತೋಮ. ಐವತ್ತೇ ಜನ ಇರುವ ಒಂದು ದ್ವೀಪ ಯಾರ ಮನಸ್ಸಿಗೂ ಬರುವುದಿಲ್ಲ. ಅಂಥ ಕಡೆ ಎಲ್ಲರೂ ಎಲ್ಲರಿಗೂ ಗೊತ್ತು. ಬಹುಪಾಲು ಜನ ಒಬ್ಬರಿಗೊಬ್ಬರು ನೆಂಟರೇ. ಒಬ್ಬರ ಮನೆಯಲ್ಲಿ ಒಲೆ ಹತ್ತದಿದ್ದರೆ ಪಕ್ಕದ ಮನೆಯವರಿಗೆ ತಿಳಿಯುತ್ತದೆ. ಅಲ್ಲಿ ಹಕ್ಕು, ಕಾಯಿದೆ, ಆಯೋಗ ಎಂಬ ದೊಡ್ಡ ಮಾತುಗಳೆಲ್ಲ ಏಕೆ ಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಈ ಭಾಷಣದಲ್ಲಿ ನಾನು ಹೇಳಲು ಹೊರಟಿರುವುದು ಅದಕ್ಕೆ ವಿರುದ್ಧವಾದ ಮಾತು. ಜನಸಂಖ್ಯೆ ಕಡಿಮೆಯಾದಷ್ಟೂ ಬರೆದಿಟ್ಟ ಹಕ್ಕುಗಳ ಅಗತ್ಯ, ಅವುಗಳನ್ನು ನೋಡಿಕೊಳ್ಳುವ ಸ್ವತಂತ್ರ ವ್ಯಕ್ತಿಯ ಅಗತ್ಯ ಹೆಚ್ಚುತ್ತದೆ. ಇದಕ್ಕೆ ಬ್ರಿಟಿಷ್ ಆಳ್ವಿಕೆಯೊಂದಿಗೆ ಸಂಬಂಧವಿರುವ ಕೆಲವು ದ್ವೀಪಗಳ ಉದಾಹರಣೆ ಕೊಡುತ್ತೇನೆ. ಅವುಗಳ ಕಥೆ ಕಾಗದದ ಮೇಲೆ ಚೆನ್ನಾಗಿ ದಾಖಲಾಗಿದೆ ಎಂಬುದೇ ಅವನ್ನು ಆರಿಸಿಕೊಳ್ಳಲು ಕಾರಣ.

ಮೊದಲು ವಿಜ್ಞಾನದ ಒಂದು ಸಣ್ಣ ಸಂಗತಿ. ಕಾಲೇಜಿನ ಭೌತಶಾಸ್ತ್ರದಲ್ಲಿ ಅನಿಲದ ಒತ್ತಡದ ಬಗ್ಗೆ ನೀವು ಓದಿರಬಹುದು. ಪಾತ್ರೆಯೊಳಗೆ ಲೆಕ್ಕವಿಲ್ಲದಷ್ಟು ಅಣುಗಳು ಗೋಡೆಗೆ ಬಡಿಯುತ್ತಿರುತ್ತವೆ. ಆ ಬಡಿತಗಳ ಸರಾಸರಿಯೇ ಒತ್ತಡ. ಪಾತ್ರೆಯಲ್ಲಿ ಹತ್ತೇ ಅಣುಗಳು ಉಳಿದರೆ ಒತ್ತಡ ಎಂಬ ಮಾತಿಗೇ ಅರ್ಥವಿರುವುದಿಲ್ಲ, ಒಂದೊಂದು ಅಣುವಿನ ನಡೆಯನ್ನೂ ಬೇರೆಯಾಗಿಯೇ ನೋಡಬೇಕಾಗುತ್ತದೆ. ಜನಸಮುದಾಯದ್ದೂ ಹಾಗೆಯೇ. ಒಂದು ಕೋಟಿ ಜನರ ನಗರದಲ್ಲಿ ನೊಂದ ವ್ಯಕ್ತಿ ಗುಂಪಿನಲ್ಲಿ ಮರೆಯಾಗಿ ನಿಂತು ದೂರು ಕೊಡಬಹುದು. ಐವತ್ತು ಜನರ ಊರಿನಲ್ಲಿ ಒಬ್ಬ ವ್ಯಕ್ತಿ ಎಂದರೆ ಶೇಕಡ 2. ವಾರ್ಷಿಕ ವರದಿಯಲ್ಲಿ ಹೆಸರಿಲ್ಲದೆ 'ಒಂದು ದೂರು ಬಂದಿದೆ' ಎಂದು ಅಚ್ಚಾದರೂ ಸಾಕು, ಅದು ಯಾರದೆಂದು ಸಂಜೆಯೊಳಗೆ ಎಲ್ಲರಿಗೂ ತಿಳಿದುಹೋಗುತ್ತದೆ.

ದೂರದರ್ಶನದಲ್ಲಿ ನಾವು ಒಂದು ಉಪಾಯ ಮಾಡುವುದನ್ನು ನೀವು ನೋಡಿದ್ದೀರಿ. ನೊಂದವರನ್ನು ಮಾತನಾಡಿಸುವಾಗ ಮುಖ ಮಸುಕು ಮಾಡುತ್ತೇವೆ, ದನಿ ಬದಲಾಯಿಸುತ್ತೇವೆ. ನಗರದಲ್ಲಿ ಇದು ಸಾಕಾಗುತ್ತದೆ. ಪುಟ್ಟ ದ್ವೀಪದಲ್ಲಿ ಇದರಿಂದ ಏನೂ ಉಪಯೋಗವಿಲ್ಲ. ಹಿಂದಿನ ಗೋಡೆಯ ಬಣ್ಣ, ಕುರ್ಚಿಯ ಕೈ, ಕೂರುವ ಭಂಗಿ, ಇಷ್ಟರಿಂದಲೇ ಗುರುತು ಸಿಕ್ಕಿಬಿಡುತ್ತದೆ. ಪುಟ್ಟ ಸಮುದಾಯದಲ್ಲಿ ಮಾನವ ಹಕ್ಕಿಗೆ ಎದುರಾಗುವ ಮೊದಲ ತೊಡಕು ಇದೇ. ಅನ್ಯಾಯ ಮಾಡಿದವನೂ ಅನ್ಯಾಯಕ್ಕೆ ಒಳಗಾದವಳೂ ನಾಳೆ ಬೆಳಗ್ಗೆ ಒಂದೇ ದಾರಿಯಲ್ಲಿ ನಡೆಯಬೇಕು, ಒಂದೇ ಅಂಗಡಿಗೆ ಹೋಗಬೇಕು.

ಹಾಗೆಂದು ಪುಟ್ಟ ಸಮುದಾಯಗಳಿಗೆ ಸಮಾನತೆಯ ಅರಿವೇ ಇಲ್ಲವೆಂದು ತಿಳಿಯಬಾರದು. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಟ್ರಿಸ್ಟನ್ ಡ ಕೂನ್ಯ ಎಂಬ ದ್ವೀಪವಿದೆ. ಅದಕ್ಕೆ ಅತಿ ಹತ್ತಿರದ ಜನವಸತಿ ಸುಮಾರು 2,400 ಕಿಲೋಮೀಟರ್ ದೂರದ ಸೇಂಟ್ ಹೆಲೆನಾ ದ್ವೀಪ. 1816ರಲ್ಲಿ ಬ್ರಿಟಿಷರು ಟ್ರಿಸ್ಟನ್‌ನಲ್ಲಿ ಒಂದು ಸೈನಿಕ ತುಕಡಿ ಇಟ್ಟರು. ಮರುವರ್ಷ ಅದನ್ನು ಹಿಂದಕ್ಕೆ ಕರೆಸಿಕೊಂಡಾಗ ವಿಲಿಯಂ ಗ್ಲಾಸ್ ಎಂಬಾತ ಕೆಲವು ಸಂಗಡಿಗರೊಂದಿಗೆ ಅಲ್ಲೇ ಉಳಿದ. ಅವರು 1817ರಲ್ಲಿ ಒಂದು ಒಪ್ಪಂದ ಬರೆದುಕೊಂಡರು. ದನಕರು, ದಾಸ್ತಾನು, ಲಾಭ ಎಲ್ಲವೂ ಎಲ್ಲರಿಗೂ ಸಮಪಾಲು. ಯಾರೂ ಇನ್ನೊಬ್ಬರಿಗಿಂತ ಮೇಲು ಎಂದು ಭಾವಿಸತಕ್ಕದ್ದಲ್ಲ. ಅದರ ಸಾರ ಇಷ್ಟು.

ದ್ವೀಪದ ಭೂಮಿ ಇಂದಿಗೂ ಸಮುದಾಯದ್ದು. ಒಂದು ಕುಟುಂಬ ಎಷ್ಟು ಜಾನುವಾರು ಸಾಕಬಹುದು ಎಂಬುದಕ್ಕೆ ಮಿತಿಯಿದೆ. ಹುಲ್ಲುಗಾವಲು ಉಳಿಯಬೇಕು, ಒಬ್ಬರೇ ಶ್ರೀಮಂತರಾಗಬಾರದು ಎಂಬುದು ಇದರ ಉದ್ದೇಶ. 1961ರಲ್ಲಿ ಜ್ವಾಲಾಮುಖಿ ಸಿಡಿದು ಇಡೀ ಊರನ್ನು ಇಂಗ್ಲೆಂಡಿಗೆ ಸಾಗಿಸಬೇಕಾಯಿತು. ಅಲ್ಲಿ ಕೆಲಸ, ಸಂಬಳ, ಅಂಗಡಿ ಬೀದಿ ಎಲ್ಲ ಇತ್ತು. ಆದರೂ ಅವರಲ್ಲಿ ಬಹುಪಾಲು ಜನ 1963ರಲ್ಲಿ ತಮ್ಮ ದ್ವೀಪಕ್ಕೇ ಮರಳಿದರು. ಸಮಪಾಲಿನ ಬದುಕಿಗೆ ಎಷ್ಟು ಸೆಳೆತವಿದೆ ಎಂಬುದನ್ನು ಇದರಿಂದ ಊಹಿಸಬಹುದು.

ಈಗ ಇದಕ್ಕಿಂತ ಭಿನ್ನವಾದ, ಕಷ್ಟದ ಕಥೆಯೊಂದನ್ನು ನೋಡೋಣ. ಅದು ದಕ್ಷಿಣ ಪೆಸಿಫಿಕ್ ಸಾಗರದ ಪಿಟ್‌ಕೇರ್ನ್ ದ್ವೀಪದ್ದು. 1789ರ ಏಪ್ರಿಲ್‌ನಲ್ಲಿ ಬೌಂಟಿ ಎಂಬ ಬ್ರಿಟಿಷ್ ಹಡಗಿನಲ್ಲಿ ದಂಗೆಯಾದದ್ದನ್ನು ನೀವು ಸಿನಿಮಾಗಳಲ್ಲಿ ನೋಡಿರಬಹುದು. ದಂಗೆಕೋರರ ನಾಯಕ ಫ್ಲೆಚರ್ ಕ್ರಿಶ್ಚಿಯನ್. 1790ರ ಜನವರಿಯಲ್ಲಿ ಒಂಬತ್ತು ಮಂದಿ ದಂಗೆಕೋರರು, ತಹೀತಿ ಮತ್ತು ಸುತ್ತಲಿನ ದ್ವೀಪಗಳ ಆರು ಮಂದಿ ಗಂಡಸರು ಹಾಗೂ ಕೆಲವು ಸ್ತ್ರೀಯರು ಪಿಟ್‌ಕೇರ್ನ್ ತಲುಪಿದರು. ಹಡಗನ್ನು ಸುಟ್ಟುಹಾಕಿ ಅಲ್ಲೇ ನೆಲೆಸಿದರು.

ಸಿನಿಮಾಗಳು ಇದನ್ನು ಸ್ವಾತಂತ್ರ್ಯದ ಕಥೆಯಾಗಿ ತೋರಿಸುವುದುಂಟು. ಆದರೆ ಇಳಿದ ಮೇಲೆ ಅವರು ಮಾಡಿದ್ದೇನು? ಭೂಮಿಯನ್ನು ಒಂಬತ್ತು ಪಾಲು ಮಾಡಿಕೊಂಡರು. ಒಂಬತ್ತೂ ಬಿಳಿಯರಿಗೆ. ಪಾಲಿನೇಷ್ಯದ ಗಂಡಸರಿಗೆ ಒಂದು ಅಂಗುಲವೂ ಇಲ್ಲ, ಅವರು ಆಳುಗಳಾದರು. ಸ್ತ್ರೀಯರನ್ನು ಯಾರೂ ಕೇಳಲಿಲ್ಲ. ಒಬ್ಬ ದಂಗೆಕೋರನ ಹೆಂಡತಿ ಸತ್ತಾಗ ಆತ ಪಾಲಿನೇಷ್ಯದವನೊಬ್ಬನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡ. ಅಲ್ಲಿಂದ ಹೊತ್ತಿದ ಕಿಡಿ 1793ರಲ್ಲಿ ರಕ್ತಪಾತದಲ್ಲಿ ಮುಗಿಯಿತು. 1808ರಲ್ಲಿ ಅಮೆರಿಕದ ಹಡಗೊಂದು ಆಕಸ್ಮಿಕವಾಗಿ ಅಲ್ಲಿಗೆ ಬಂದಾಗ, ಬಂದಿಳಿದ ಹದಿನೈದು ಮಂದಿ ಗಂಡಸರಲ್ಲಿ ಉಳಿದಿದ್ದವನು ಜಾನ್ ಆಡಮ್ಸ್ ಒಬ್ಬನೇ. ಉಳಿದವರೆಲ್ಲ ಹೆಂಗಸರು, ಮಕ್ಕಳು. ನಿರ್ಜನವಾಗಿದ್ದ ದ್ವೀಪಕ್ಕೆ ಅಸಮಾನತೆಯನ್ನು ಅವರೇ ಹಡಗಿನಲ್ಲಿ ತಂದಿದ್ದರು. ಅದಕ್ಕೆ ಬೆಲೆ ತೆರಲು ಹೆಚ್ಚು ವರ್ಷ ಹಿಡಿಯಲಿಲ್ಲ.

ಮುಂದೆ ನಡೆದದ್ದು ಆಶ್ಚರ್ಯಕರ. 1838ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ರಸೆಲ್ ಎಲಿಯಟ್ ಅಲ್ಲಿಗೆ ಬಂದ. ದ್ವೀಪದ ಜನ ತಮಗೆ ರಕ್ಷಣೆ ಬೇಕೆಂದು ಕೇಳಿದರು. ಆತ ಅವರಿಗೆ ಒಂದು ಪುಟ್ಟ ಸಂವಿಧಾನ ರೂಪಿಸಿಕೊಟ್ಟ. ಪ್ರತಿ ವರ್ಷ ಒಬ್ಬ ಮ್ಯಾಜಿಸ್ಟ್ರೇಟನನ್ನು ಚುನಾಯಿಸಬೇಕು. ಹದಿನೆಂಟು ವರ್ಷ ದಾಟಿದ ಗಂಡಸರಿಗೂ ಹೆಂಗಸರಿಗೂ ವೋಟು. ಮಕ್ಕಳೆಲ್ಲರಿಗೂ ಶಾಲೆ ಕಡ್ಡಾಯ. ಇಂಗ್ಲೆಂಡಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಸ್ತ್ರೀಯರಿಗೆ, ಅದೂ ಕೆಲವರಿಗೆ ಮಾತ್ರ, ವೋಟು ಸಿಕ್ಕಿದ್ದು 1918ರಲ್ಲಿ. ಅಂದರೆ ಈ ಪುಟ್ಟ ದ್ವೀಪ ಎಂಬತ್ತು ವರ್ಷ ಮುಂದಿತ್ತು.

ಇಷ್ಟು ಮುಂದಿದ್ದ ದ್ವೀಪದಲ್ಲಿ ಹೆಣ್ಣುಮಕ್ಕಳು ಸುರಕ್ಷಿತವಾಗಿದ್ದರೇ? ಇರಲಿಲ್ಲ. 1999ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರದೇಶದಿಂದ ತಾತ್ಕಾಲಿಕವಾಗಿ ಬಂದಿದ್ದ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿಯ ಮುಂದೆ ಹದಿನೈದು ವರ್ಷದ ಹುಡುಗಿಯೊಬ್ಬಳು ದೂರು ಹೇಳಿಕೊಂಡಳು. ಅಲ್ಲಿಂದ ತನಿಖೆ ಶುರುವಾಯಿತು. ಆ ದ್ವೀಪದಲ್ಲಿ ಹುಟ್ಟಿ ಬೆಳೆದು ಬೇರೆ ದೇಶಗಳಿಗೆ ಹೋಗಿ ನೆಲೆಸಿದ್ದ ಸ್ತ್ರೀಯರನ್ನು ಹುಡುಕಿ ಮಾತನಾಡಿಸಿದಾಗ, ಚಿಕ್ಕ ಹುಡುಗಿಯರ ಮೇಲೆ ದಶಕಗಳಿಂದ ಲೈಂಗಿಕ ದೌರ್ಜನ್ಯ ನಡೆಯುತ್ತ ಬಂದದ್ದು ಹೊರಬಿತ್ತು. 2004ರಲ್ಲಿ ನ್ಯೂಜಿಲೆಂಡಿನಿಂದ ನ್ಯಾಯಾಧೀಶರು, ವಕೀಲರು ಹಡಗಿನಲ್ಲಿ ಬಂದು ದ್ವೀಪದಲ್ಲೇ ನ್ಯಾಯಾಲಯ ನಡೆಸಿದರು. ಆಗ ಅಲ್ಲಿದ್ದ ಜನಸಂಖ್ಯೆ 47. ಅವರಲ್ಲಿ ಏಳು ಮಂದಿ ಗಂಡಸರು ಆರೋಪಿಗಳು. ಆರು ಮಂದಿಯ ಅಪರಾಧ ಸಾಬೀತಾಯಿತು. ಅವರಲ್ಲಿ ದ್ವೀಪದ ಮೇಯರ್ ಕೂಡ ಒಬ್ಬ.

ಆಗ ಎದ್ದ ವಾದಗಳನ್ನು ನೀವು ಗಮನಿಸಬೇಕು. ಒಂದು, ಇದು ನಮ್ಮ ಪದ್ಧತಿ, ಇಲ್ಲಿ ಹುಡುಗಿಯರು ಬೇಗ ಪ್ರೌಢರಾಗುತ್ತಾರೆ ಎಂಬ ವಾದ. ಇದನ್ನು ದ್ವೀಪದ ಕೆಲವು ಹೆಂಗಸರೇ ಪತ್ರಕರ್ತರ ಮುಂದೆ ಹೇಳಿದರು. ಎರಡು, ಬ್ರಿಟಿಷ್ ಕಾಯಿದೆ ನಮಗೆ ಅನ್ವಯಿಸುವುದೇ ಇಲ್ಲ ಎಂಬ ವಾದ. ಮೂರನೆಯದು ಎಲ್ಲಕ್ಕಿಂತ ಬಲವಾದದ್ದು. ಪಿಟ್‌ಕೇರ್ನ್‌ಗೆ ಸರಿಯಾದ ಬಂದರಿಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ. ಉದ್ದನೆಯ ದೋಣಿಗಳಲ್ಲಿ ಅಲೆ ಸೀಳಿಕೊಂಡು ಹೋಗಿ ಸಾಮಾನು ತರಬೇಕು. ಗಟ್ಟಿಮುಟ್ಟಾದ ಈ ಗಂಡಸರನ್ನೇ ಜೈಲಿಗೆ ಹಾಕಿದರೆ ದೋಣಿ ನಡೆಸುವವರು ಯಾರು, ದ್ವೀಪವೇ ಉಳಿಯುವುದಿಲ್ಲವಲ್ಲ ಎಂದು ಕೇಳಿದರು.

ಈ ಮೂರನೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೋಣಿಯಿಲ್ಲದೆ ಆ ದ್ವೀಪದಲ್ಲಿ ಬದುಕಿಲ್ಲ ಎಂಬುದು ನಿಜ. ಆದರೆ ಅದೇ ದೋಣಿ ವರ್ಷಗಟ್ಟಲೆ ಆ ಹುಡುಗಿಯರ ಬಾಯಿ ಕಟ್ಟಿತ್ತು ಎಂಬುದೂ ನಿಜ. ಅಪ್ಪನಿಗೆ ಹೇಳಿದರೆ ಅಪ್ಪ ಆ ಮನುಷ್ಯನೊಂದಿಗೇ ನಾಳೆ ಹುಟ್ಟು ಹಾಕಬೇಕು. ಮ್ಯಾಜಿಸ್ಟ್ರೇಟನಿಗೆ ಹೇಳಿದರೆ ಆತ ಆ ಮನುಷ್ಯನ ನೆಂಟನೇ ಆಗಿರುತ್ತಾನೆ. ಹೀಗಾಗಿ ಸಮುದಾಯ ಉಳಿಯಲೆಂದು ಅದರ ಅತ್ಯಂತ ಚಿಕ್ಕವರು ಸಹಿಸಿಕೊಂಡಿರಬೇಕು ಎಂಬ ಲೆಕ್ಕಾಚಾರ ಯಾರೂ ಬಾಯಿಬಿಟ್ಟು ಹೇಳದೆಯೇ ನಡೆದುಬಂದಿತ್ತು. ಸಾಕ್ಷಿ ಹೇಳಿದ ಸ್ತ್ರೀಯರು ನ್ಯೂಜಿಲೆಂಡಿನಿಂದ ವಿಡಿಯೋ ಸಂಪರ್ಕದ ಮೂಲಕ ಮಾತನಾಡಿದರು. ದ್ವೀಪ ಬಿಟ್ಟು ಸಾವಿರಾರು ಕಿಲೋಮೀಟರ್ ದೂರ ಹೋದ ಮೇಲೆಯೇ ಅವರಿಗೆ ಮಾತು ಸಾಧ್ಯವಾಯಿತು.

2006ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೇಲ್ಮನವಿಗಳನ್ನು ತಳ್ಳಿಹಾಕಿತು. 2010ರಲ್ಲಿ ಪಿಟ್‌ಕೇರ್ನ್‌ಗೆ ಹೊಸ ಸಂವಿಧಾನ ಬಂತು. ಅದರಲ್ಲಿ ಮೂಲಭೂತ ಹಕ್ಕುಗಳಿಗೇ ಒಂದು ಭಾಗ ಮೀಸಲಾಯಿತು. 1838ರ ಕಟ್ಟಳೆ ವೋಟು ಕೊಟ್ಟಿತ್ತು, ಶಾಲೆ ಕೊಟ್ಟಿತ್ತು. ದೂರು ಹೇಳಿಕೊಳ್ಳಲು ನೆಂಟಸ್ತಿಕೆಯ ಹಂಗಿಲ್ಲದ ಒಬ್ಬ ವ್ಯಕ್ತಿಯನ್ನು ಕೊಟ್ಟಿರಲಿಲ್ಲ. ಆ ಕೊರತೆ ತುಂಬಲು ನೂರ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

'ಇದು ನಮ್ಮ ಪದ್ಧತಿ' ಎಂಬ ವಾದವನ್ನು ನ್ಯಾಯಾಲಯವೊಂದು ಇದಕ್ಕಿಂತ ಮೊದಲೇ ನೇರವಾಗಿ ಎದುರಿಸಿತ್ತು. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವೆ ಐಲ್ ಆಫ್ ಮ್ಯಾನ್ ಎಂಬ ದ್ವೀಪವಿದೆ. 1881ರಲ್ಲೇ ಆಸ್ತಿವಂತ ಅವಿವಾಹಿತ ಸ್ತ್ರೀಯರಿಗೂ ವಿಧವೆಯರಿಗೂ ವೋಟು ಕೊಟ್ಟ ಹೆಮ್ಮೆ ಅದರದು. ಅದೇ ದ್ವೀಪದಲ್ಲಿ 1972ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬನಿಗೆ ಮೂರು ಛಡಿಯೇಟಿನ ಶಿಕ್ಷೆಯಾಯಿತು. ಪೊಲೀಸ್ ಠಾಣೆಯಲ್ಲಿ ಬಟ್ಟೆ ಕಳಚಿಸಿ ಹೊಡೆದರು. ವಿಷಯ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. ದ್ವೀಪದ ಬಹುಪಾಲು ಜನ ಈ ಶಿಕ್ಷೆಯ ಪರವಾಗಿದ್ದಾರೆ, ಸ್ಥಳೀಯ ಪರಿಸ್ಥಿತಿಯನ್ನು ಗಮನಿಸಿ ಎಂಬ ವಾದ ಅಲ್ಲಿ ಬಂತು. 1978ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಶಿಕ್ಷೆ ಮನುಷ್ಯನನ್ನು ಹೀನಾಯಗೊಳಿಸುವಂಥದ್ದು ಎಂದು ತೀರ್ಪಿತ್ತಿತು. ಬಹುಮತದ ಒಪ್ಪಿಗೆ ಇದೆ ಎಂಬ ಕಾರಣಕ್ಕೆ ಒಬ್ಬ ಹುಡುಗನ ಘನತೆಯನ್ನು ಕಳೆಯಲಾಗದು ಎಂಬುದು ಅದರಿಂದ ಸ್ಪಷ್ಟವಾಯಿತು.

ಇಷ್ಟು ಹೇಳಿದಾಗ ನಿಮಗೆ ಒಂದು ಸಂಶಯ ಬರಬಹುದು. ದ್ವೀಪದವರೇ ಯಾವಾಗಲೂ ತಪ್ಪಿತಸ್ಥರೇ, ಹೊರಗಿನವರು ಯಾವಾಗಲೂ ನ್ಯಾಯವಂತರೇ? ಖಂಡಿತ ಅಲ್ಲ. ಇದಕ್ಕೆ ಸೇಂಟ್ ಹೆಲೆನಾ ಒಳ್ಳೆಯ ಉದಾಹರಣೆ. ನೆಪೋಲಿಯನ್ ಸೆರೆಯಲ್ಲಿದ್ದು 1821ರಲ್ಲಿ ತೀರಿಕೊಂಡ ದ್ವೀಪ ಎಂದು ಅದು ನಿಮಗೆ ಗೊತ್ತು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ಭಾರತದಿಂದ ಮರಳುವಾಗ ತಂಗಿದ್ದೂ ಅಲ್ಲಿಯೇ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ನೀರು, ತರಕಾರಿ ಒದಗಿಸುತ್ತಿದ್ದ ದ್ವೀಪ ಅದು. ಯುರೋಪ್, ಆಫ್ರಿಕ, ಏಷ್ಯ ಮೂರೂ ಖಂಡಗಳಿಂದ ಬಂದ ವಲಸಿಗರು, ಗುಲಾಮರು, ಕೂಲಿಗಳು ಸೇರಿ ಅಲ್ಲಿನ ಜನ ರೂಪುಗೊಂಡರು. ಇಂದು ಅಲ್ಲಿ ನಾಲ್ಕು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನರಿದ್ದಾರೆ.

ಇಂಗ್ಲೆಂಡಿನಲ್ಲಿ ಹುಟ್ಟಿದವರಿಗಿರುವ ಹಕ್ಕುಗಳೇ ಈ ದ್ವೀಪದವರಿಗೂ ಇರತಕ್ಕದ್ದೆಂದು 1673ರ ರಾಜಶಾಸನ ಹೇಳಿತ್ತು. ಆದರೆ ಬ್ರಿಟನ್ನಿನ 1981ರ ರಾಷ್ಟ್ರೀಯತಾ ಕಾಯಿದೆ ಜಾರಿಗೆ ಬಂದಾಗ ಅವರು ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕಿಲ್ಲದ ಪ್ರಜೆಗಳಾದರು. ಫಾಕ್‌ಲ್ಯಾಂಡ್ ದ್ವೀಪದವರಿಗೆ ಯುದ್ಧದ ನಂತರ 1983ರಲ್ಲೇ ವಿಶೇಷ ಕಾಯಿದೆ ಮಾಡಿ ಪೂರ್ಣ ಪೌರತ್ವ ಕೊಟ್ಟರು. ಸೇಂಟ್ ಹೆಲೆನಾದವರು 2002ರ ಮೇ ತಿಂಗಳವರೆಗೆ ಕಾಯಬೇಕಾಯಿತು. ನಮಗೆ ಹತ್ತಿರದ ಹಿಂದೂ ಮಹಾಸಾಗರದಲ್ಲಿ ನಡೆದದ್ದು ಇನ್ನೂ ಕಠೋರ. ಡೀಗೋ ಗಾರ್ಸಿಯಾದಲ್ಲಿ ಸೈನಿಕ ನೆಲೆ ಕಟ್ಟಲೆಂದು 1968ರಿಂದ 1973ರ ನಡುವೆ ಚಾಗೋಸ್ ದ್ವೀಪಸಮೂಹದ ಎಲ್ಲ ಜನರನ್ನೂ ಅವರ ನೆಲದಿಂದ ಹೊರಗಟ್ಟಲಾಯಿತು. ಜನ ಕಡಿಮೆ, ಕೇಳುವವರಿಲ್ಲ ಎಂಬ ಧೈರ್ಯವಿಲ್ಲದಿದ್ದರೆ ಇಂಥದ್ದನ್ನು ಯಾವ ಸರ್ಕಾರವೂ ಮಾಡಲಾರದು.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಇದನ್ನು ಮುಂದಾಗಿಯೇ ಯೋಚಿಸಿತ್ತು. ಅದರ ಮೊದಲ ವಿಧಿಯ ಇಂಗ್ಲಿಷ್ ಪಾಠದಲ್ಲಿ 'ಗಂಡಸರೆಲ್ಲ' ಎಂಬ ಅರ್ಥ ಬರಬಹುದಾಗಿದ್ದ ಮಾತನ್ನು 'ಮನುಷ್ಯರೆಲ್ಲ' ಎಂದು ಬದಲಾಯಿಸಲು ಕಾರಣರಾದವರು ನಮ್ಮ ದೇಶದ ಹಂಸಾ ಮೆಹ್ತಾ. ಎರಡನೆಯ ವಿಧಿ ಇನ್ನೊಂದು ಮಾತು ಸೇರಿಸುತ್ತದೆ. ಒಂದು ಪ್ರದೇಶ ಸ್ವತಂತ್ರವಾಗಿರಲಿ, ಬೇರೆಯವರ ಆಡಳಿತದಲ್ಲಿರಲಿ, ಅಲ್ಲಿನ ವ್ಯಕ್ತಿಯ ಹಕ್ಕಿನಲ್ಲಿ ಭೇದ ಸಲ್ಲದು. ಹೆಂಗಸರಿಗೂ, ದೂರದ ದ್ವೀಪದವರಿಗೂ ಹಕ್ಕು ಇದೆಯೇ ಎಂಬ ಪ್ರಶ್ನೆಗೆ ಆ ದಾಖಲೆಯ ಆರಂಭದಲ್ಲೇ ಉತ್ತರವಿದೆ.

ಹಾಗಾದರೆ ಪುಟ್ಟ ದ್ವೀಪದಲ್ಲಿ ಈ ಉತ್ತರವನ್ನು ಬದುಕಿಗೆ ಇಳಿಸುವುದು ಹೇಗೆ? ಸೇಂಟ್ ಹೆಲೆನಾ ಒಂದು ದಾರಿ ಹಿಡಿದಿದೆ. 2009ರಲ್ಲಿ ಅದಕ್ಕೆ, ಅಸೆನ್ಷನ್ ಮತ್ತು ಟ್ರಿಸ್ಟನ್ ಡ ಕೂನ್ಯ ದ್ವೀಪಗಳಿಗೆ ಸೇರಿ ಹೊಸ ಸಂವಿಧಾನ ಬಂತು, ಹಕ್ಕುಗಳ ಪಟ್ಟಿಯೊಂದಿಗೆ. 2015ರ ಸ್ಥಳೀಯ ಕಾಯಿದೆಯ ಮೂಲಕ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ರೂಪುಗೊಂಡಿತು. ಜನರಿಗೆ ತಿಳಿವಳಿಕೆ ಕೊಡುವುದು, ದೂರು ಕೇಳುವುದು, ಸರ್ಕಾರಕ್ಕೆ ಸಲಹೆ ನೀಡುವುದು ಅದರ ಕೆಲಸ. ಅಲ್ಲಿ ಅತಿ ದೊಡ್ಡ ಉದ್ಯೋಗದಾತ ಸರ್ಕಾರವೇ. ದೂರು ಕೊಡುವವರಿಗೆ ಸಂಬಳ ಕೊಡುವವರ ಮೇಲೇ ದೂರು ಕೊಡಬೇಕಾದ ಸಂದರ್ಭಗಳು ಬರುತ್ತವೆ. ಆದ್ದರಿಂದ ಆಯೋಗ ಸರ್ಕಾರದ ಇಲಾಖೆಯಂತಿರದೆ ಬೇರೆಯಾಗಿಯೇ ನಿಲ್ಲಬೇಕಾಗುತ್ತದೆ. ಇಂಥ ಸಂಸ್ಥೆಗಳು ಸರ್ಕಾರದಿಂದ ಸ್ವತಂತ್ರವಾಗಿರಬೇಕೆಂದು ಹೇಳುವ ಪ್ಯಾರಿಸ್ ತತ್ವಗಳನ್ನು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ್ದು 1993ರಲ್ಲಿ. ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾದದ್ದೂ ಅದೇ ವರ್ಷ.

ಈ ಎಲ್ಲ ಉದಾಹರಣೆಗಳಿಂದ ನಾವು ತಿಳಿಯಬಹುದಾದ ನಾಲ್ಕು ಸಂಗತಿಗಳಿವೆ.

ಮೊದಲನೆಯದು, ಸದ್ಭಾವನೆ ಇದೆಯೆಂದು ಬರವಣಿಗೆಯನ್ನು ಬಿಡಬಾರದು. ಗ್ಲಾಸ್ ಮತ್ತು ಸಂಗಡಿಗರು ಸ್ನೇಹಿತರೇ ಆಗಿದ್ದರೂ ಒಪ್ಪಂದವನ್ನು ಕಾಗದದ ಮೇಲೆ ಬರೆದರು. ಬೌಂಟಿಯವರು ಬರೆಯಲಿಲ್ಲ.

ಎರಡನೆಯದು, ದೂರು ಕೇಳುವವರಲ್ಲಿ ಒಬ್ಬರಾದರೂ ಊರಿನ ನೆಂಟಸ್ತಿಕೆಗೆ ಹೊರಗಿನವರಿರಬೇಕು. ಪಿಟ್‌ಕೇರ್ನ್‌ನಲ್ಲಿ ಆ ಹುಡುಗಿ ಬಾಯಿಬಿಟ್ಟಿದ್ದು ಹೊರಗಿನಿಂದ ಬಂದ ಒಬ್ಬ ಹೆಣ್ಣುಮಗಳ ಮುಂದೆ ಎಂಬುದನ್ನು ಮರೆಯಬಾರದು.

ಮೂರನೆಯದು, ಹಕ್ಕಿನ ಮಾತನ್ನು ಊರಿನವರೇ ಊರಿನ ಭಾಷೆಯಲ್ಲಿ ಆಡಬೇಕು. ಹಡಗು ಹತ್ತಿ ಬಂದ ಅಧಿಕಾರಿ ಹಡಗು ಹತ್ತಿ ಹೋಗುತ್ತಾನೆ. ಶಾಲೆಯ ಪಾಠದಲ್ಲಿ, ರೇಡಿಯೋದಲ್ಲಿ, ಚರ್ಚಿನ ಅಂಗಳದಲ್ಲಿ ಅದು ದಿನನಿತ್ಯದ ಮಾತಾಗದಿದ್ದರೆ ಕಾಯಿದೆ ಪುಸ್ತಕದಲ್ಲೇ ಉಳಿಯುತ್ತದೆ.

ನಾಲ್ಕನೆಯದು, ಮಾತನಾಡಿದವರಿಗೆ ನಾಳಿನ ಬದುಕಿನ ಏರ್ಪಾಡು ಇರಬೇಕು. ದೂರು ಕೊಟ್ಟವಳು ಊರು ಬಿಡಬೇಕು, ತಪ್ಪು ಮಾಡಿದವನು ಊರಲ್ಲೇ ಇರಬೇಕು ಎಂದಾದರೆ ತೀರ್ಪು ಎಷ್ಟೇ ಸರಿಯಾಗಿದ್ದರೂ ಅದು ಅರ್ಧ ನ್ಯಾಯ.

ಓದುಗ ಮಿತ್ರರೇ, ಪಿಟ್‌ಕೇರ್ನ್‌ನಲ್ಲಿ ಈಗ ಐವತ್ತಕ್ಕಿಂತ ಕಡಿಮೆ ಜನರಿದ್ದಾರೆ. ಅವರಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. ಇಷ್ಟೇ ಜನರಿಗಾಗಿ ಸಂವಿಧಾನ, ನ್ಯಾಯಾಲಯ, ಸಮುದ್ರ ದಾಟಿ ಬರುವ ನ್ಯಾಯಾಧೀಶರು, ಇಷ್ಟೆಲ್ಲ ಖರ್ಚು ಏಕೆಂದು ಲೆಕ್ಕ ಹಾಕುವವರಿದ್ದಾರೆ. 1999ರಲ್ಲಿ ಆ ಹುಡುಗಿ ಮಾತನಾಡಿದ್ದು ಒಬ್ಬಳೇ. ಒಬ್ಬಳ ಮಾತನ್ನು ನಿಜವೆಂದು ಕೇಳಿಸಿಕೊಂಡದ್ದರಿಂದ, ಅವಳಿಗಿಂತ ಮೊದಲು ಆ ದ್ವೀಪದಲ್ಲಿ ಹುಟ್ಟಿ ದಶಕಗಳ ಕಾಲ ಬಾಯಿಮುಚ್ಚಿಕೊಂಡಿದ್ದ ಸ್ತ್ರೀಯರು ಕೂಡ ಮಾತನಾಡಿದರು. ಖರ್ಚಿನ ಲೆಕ್ಕ ಬರೆಯುವಾಗ ಅದನ್ನೂ ಸೇರಿಸಿಕೊಂಡು ನೋಡಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.